ಇನ್ನೂರ ಹದಿನಾಲ್ಕನೆಯ ರಕ್ಷಿತ ವಸ್ತು

ಆಡಳಿತ ಸಮುಚ್ಚಯದ ಮೂರನೆಯ ಕಟ್ಟಡದ ಇಳಿಜಾರು ದಾರಿಯ ಕೆಳಗೆ, ಕಾಂಕ್ರೀಟ್ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ದರ್ಜಿಯನ್ನು ಸರ್ಕಾರವು ಪಾರಂಪರಿಕ ಕಟ್ಟಡದ ಬೇರ್ಪಡಿಸಲಾಗದ ಭಾಗವೆಂದು ಘೋಷಿಸಿದ್ದು ಪೂರ್ತಿಯಾಗಿ ನಿಯಮಾನುಸಾರವೇ ಆಗಿತ್ತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಮುಂದೆ ನಡೆದದ್ದರಲ್ಲಿಯೂ ಯಾರ ತಪ್ಪೂ ಇರಲಿಲ್ಲವೆಂದು ಮೂರು ಸಮಿತಿಗಳು ಬೇರೆಬೇರೆಯಾಗಿ ಕೂತು ಒಂದೇ ಮಾತಿನಲ್ಲಿ ವರದಿ ಕೊಟ್ಟಿವೆ.

ಮೊದಲು ಆ ಕಟ್ಟಡಗಳ ವಿಷಯ ಹೇಳಬೇಕು. ಪ್ರಾಂತ್ಯಕ್ಕೊಂದು ಹೊಸ ರಾಜಧಾನಿ ಬೇಕೆಂದಾಗ ಊರ ಹೊರಗಿನ ಬಯಲಿನಲ್ಲಿ ಏಳು ಕಟ್ಟಡಗಳನ್ನು ಎಬ್ಬಿಸಿದರು. ದೂರದಿಂದ ಬಂದ ವಾಸ್ತುಶಿಲ್ಪಿಯು ಗಾರೆ ಬಳಿಯಬಾರದು, ಸುಣ್ಣ ಹೊಡೆಯಬಾರದು, ಕಾಂಕ್ರೀಟು ಕಾಂಕ್ರೀಟಿನ ಹಾಗೆಯೇ ಕಾಣಬೇಕು ಎಂದ. ಹಾಗೆಯೇ ಕಂಡಿತು. ಕೆಳಗೆ ಗಾಳಿ ಆಡಲೆಂದು ಕಟ್ಟಡಗಳನ್ನೆಲ್ಲ ಕಂಬಗಳ ಮೇಲೆ ನಿಲ್ಲಿಸಿದ. ಗಾಳಿ ಆಡಿತು, ಕೈಯಿಂದ ಕಾಗದ ಜಾರಿಸಿಕೊಂಡವರು ಅದನ್ನು ಐದನೆಯ ಕಟ್ಟಡದ ಹಿಂದಿನ ಬೇಲಿಯಲ್ಲಿ ಹುಡುಕುವುದು ರೂಢಿಯಾಯಿತು. ಬಿಸಿಲು ಬೀಳಬಾರದೆಂದು ಕಿಟಕಿಗಳ ಮುಂದೆ ಕಾಂಕ್ರೀಟ್ ಹಲಗೆಗಳನ್ನು ಅಡ್ಡ ನಿಲ್ಲಿಸಿದ್ದರಿಂದ, ನೆತ್ತಿಯ ಮೇಲೆ ಸೂರ್ಯನಾರಾಯಣ ಇರುವಾಗಲೂ ಒಳಗೆ ದೀಪ ಹಾಕಿಕೊಂಡೇ ಕೆಲಸ. ಮೆಟ್ಟಿಲು ರಾಜರ ಕಾಲದ್ದು, ಪ್ರಜೆಗಳಿಗೆ ಇಳಿಜಾರು ಎಂಬುದು ವಾಸ್ತುಶಿಲ್ಪಿಯ ಸಿದ್ಧಾಂತ. ಮೂರನೆಯ ಕಟ್ಟಡದ ಇಳಿಜಾರನ್ನು ಹತ್ತುತ್ತ ಹೋದ ಹೊಸಬರು ಒಂದು ಸುತ್ತು ಬಂದು, ಸ್ವಲ್ಪ ಏದುಸಿರು ಬಿಡುತ್ತ, ಹೊರಟ ಜಾಗದಲ್ಲೇ ನಿಂತಿರುತ್ತಾರೆ. ಅನುಭವಸ್ಥರು ಹಿಂಬಾಗಿಲಿನಿಂದ ಹೋಗುತ್ತಾರೆ.

ನಲವತ್ತು ವರ್ಷ ಈ ಕಟ್ಟಡಗಳನ್ನು ಎಲ್ಲರೂ ಬೈದುಕೊಂಡೇ ಬಳಸಿದರು. ಆಮೇಲೆ ಒಂದು ದಿನ, ಇಂಥ ಕಟ್ಟಡಗಳಿಗೆ ಹೊರಗಿನ ಒಂದು ದೊಡ್ಡ ಮಂಡಳಿಯವರು ಹಿತ್ತಾಳೆಯ ಫಲಕ ಕೊಡುತ್ತಾರೆಂದೂ, ಫಲಕ ಬಂದ ಕಡೆ ಒಂದು ನಿರ್ದೇಶನಾಲಯ, ಅದಕ್ಕೊಬ್ಬ ನಿರ್ದೇಶಕ, ನಿರ್ದೇಶಕನಿಗೊಂದು ಕಾರು, ವರ್ಷಕ್ಕೊಂದು ಪರದೇಶದ ಅಧ್ಯಯನ ಪ್ರವಾಸ ತಾನಾಗಿಯೇ ಬರುತ್ತವೆಂದೂ ತಿಳಿದುಬಂತು. ಆ ದಿನದಿಂದ ಕಟ್ಟಡಗಳು ಸುಂದರವಾದವು. ನಿರ್ದೇಶಕರು ಮೊದಲು ಬಂದರು, ಕಾರು ಅವರ ಹಿಂದೆಯೇ ಬಂತು. ಫಲಕ ಮಾತ್ರ ಬರಬೇಕಿತ್ತು. ಅದಕ್ಕೆ ಮಂಡಳಿಯವರು ಒಂದೇ ಷರತ್ತು ಹಾಕಿದ್ದರು: ಸಮುಚ್ಚಯದಲ್ಲಿರುವ ಪ್ರತಿಯೊಂದು ಸ್ಥಿರ ವಸ್ತುವಿನ ಪಟ್ಟಿ ಬೇಕು, ಪಟ್ಟಿಯಲ್ಲಿರುವುದು ಎಂದೆಂದಿಗೂ ಇದ್ದ ಹಾಗೆಯೇ ಇರಬೇಕು.

ಪಟ್ಟಿ ಮಾಡಲು ನೇಮಕವಾದ ಗುಮಾಸ್ತರನ್ನು ಸಮುಚ್ಚಯದಲ್ಲಿ ಎಲ್ಲರೂ ಪಟ್ಟಿಯಪ್ಪ ಎಂದೇ ಕರೆಯುತ್ತಿದ್ದರು. ಸತ್ಯಸಂಧರು. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಒಂದು ಸೊನ್ನೆಯನ್ನು ಹೆಚ್ಚು ಬರೆದವರಲ್ಲ, ಕಡಿಮೆ ಬರೆದವರಲ್ಲ. ಅವರ ಕೈಯಲ್ಲಿದ್ದ ಸುತ್ತೋಲೆಯ ಹನ್ನೊಂದನೆಯ ನಿಯಮ ಹೀಗಿತ್ತು: "ಮೂರು ಬೇರೆಬೇರೆ ದಿನಗಳ ತಪಾಸಣೆಯಲ್ಲಿ ಒಂದೇ ಜಾಗದಲ್ಲಿ ಕಂಡುಬಂದ ಯಾವುದನ್ನೇ ಆಗಲಿ ಸ್ಥಿರ ವಸ್ತುವೆಂದು ಪರಿಗಣಿಸತಕ್ಕದ್ದು. ತಪಾಸಣಾಧಿಕಾರಿಯು ಸ್ವಂತ ವಿವೇಚನೆಯನ್ನು ಬಳಸತಕ್ಕದ್ದಲ್ಲ."

ಪಟ್ಟಿಯಪ್ಪನವರು ಬಳಸಲಿಲ್ಲ. ಮೂರನೆಯ ದಿನ ಅವರು ದರ್ಜಿಯ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

"ಏನಪ್ಪ, ನೀನು ನಿನ್ನೆ ಮೊನ್ನೆನೂ ಇಲ್ಲೇ ಇದ್ದೆ ಅಲ್ವೇ?"

"ನಾಲ್ಕು ವರ್ಷದಿಂದ ಇಲ್ಲೇ ಇದೀನಿ ಸ್ವಾಮಿ."

"ಅಷ್ಟೆಲ್ಲ ಬೇಡ. ನನಗೆ ಮೂರು ದಿನ ಸಾಕು. ಅಳತೆ ಹೇಳು."

"ಯಾರದ್ದು?"

"ನಿಂದು."

ಸರ್ಕಾರ ತನಗೆ ಅಂಗಿ ಹೊಲಿಸಿಕೊಡುತ್ತಿದೆ ಎಂದುಕೊಂಡ ದರ್ಜಿ ಸಂತೋಷದಿಂದ ಎದೆ ಮೂವತ್ತಾರು, ಸೊಂಟ ಮೂವತ್ತನಾಲ್ಕು, ಭುಜ ಹದಿನೇಳು ಎಂದು ಹೇಳಿ, "ತೋಳು ಸ್ವಲ್ಪ ಸಡಿಲ ಇರ್ಲಿ" ಎಂದೂ ಸೇರಿಸಿದ. ಪಟ್ಟಿಯಪ್ಪನವರು ಅದನ್ನೂ ಬರೆದುಕೊಂಡರು. ಪಟ್ಟಿಯಲ್ಲಿ ಹೀಗಿದೆ: "ಕ್ರಮಸಂಖ್ಯೆ ೨೧೪. ಅರ್ಜಿದಾರ, ಗಂಡು, ಒಂದು. ಕೂತಿರುವ ಭಂಗಿ. ನೀಲಿ ಅಂಗಿ, ತೊಡೆಯ ಮೇಲೆ ಚೀಲ. ಕಾಯುತ್ತಿರುವುದು. ಸ್ಥಿತಿ: ಸಾಧಾರಣ. ತೋಳು ಸಡಿಲ."

ದರ್ಜಿ ಅಲ್ಲಿ ಕೂತಿದ್ದಕ್ಕೆ ಕಾರಣವಿತ್ತು. ಅವನ ಮನೆ ಅದೇ ಊರಿನ ನೀರು ಸರಬರಾಜು ಇಲಾಖೆಯ ಪಂಪ್‌ಹೌಸಿನ ಪಕ್ಕದಲ್ಲಿತ್ತು. ಇಲಾಖೆಯವರು ಪಂಪಿನ ಭದ್ರತೆಗೆಂದು ಎಂಟಡಿ ಗೋಡೆ ಕಟ್ಟಿದಾಗ ನಕ್ಷೆಯ ಗೆರೆ ಒಂಚೂರು ಆಚೆ ಹೋಗಿ, ದರ್ಜಿಯ ಮನೆಯೂ ಗೋಡೆಯ ಒಳಗೇ ಉಳಿಯಿತು. ಪಂಪಿನ ಕಡೆಯ ಗೇಟಿಗೆ ಇಲಾಖೆಯ ಬೀಗ. ಅಂದಿನಿಂದ ಮನೆಯವರ ಓಡಾಟ ಏಣಿಯ ಮೇಲೆ. ಹೊಲಿಯಲು ಕೊಡುವವರು ಬಟ್ಟೆಯನ್ನು ಗಂಟು ಕಟ್ಟಿ ಗೋಡೆಯ ಮೇಲಿಂದ ಎಸೆಯುವರು. ಅಳತೆಯನ್ನು ಕೂಗಿ ಹೇಳುವರು. ಅದರಿಂದ ಬೀದಿಯಲ್ಲಿ ಯಾರ ಸೊಂಟ ಎಷ್ಟು ದಪ್ಪವಾಯಿತೆಂಬುದು ಎಲ್ಲರಿಗೂ ತಿಳಿಯುತ್ತಿತ್ತು.

ಇದೆಲ್ಲ ಹೇಗೋ ನಡೆಯುತ್ತಿತ್ತು. ನಡೆಯದಿದ್ದುದು ಒಂದೇ. ದರ್ಜಿಯ ಅಮ್ಮನಿಗೆ ಎಂಬತ್ತು ದಾಟಿತ್ತು, ಮಂಡಿ ಬಗ್ಗುತ್ತಿರಲಿಲ್ಲ, ಏಣಿ ಹತ್ತುವ ಮಾತೇ ಇರಲಿಲ್ಲ. ಆಕೆಯ ಬೆನ್ನಿಗೆ ಹುಟ್ಟಿದ ತಂಗಿ ಇದ್ದದ್ದು ಗೋಡೆಯಾಚೆ, ಕೂಗಳತೆಯಲ್ಲಿ. ನಾಲ್ಕು ವರ್ಷದಿಂದ ಅಕ್ಕತಂಗಿಯರು ಬೆಳಿಗ್ಗೆ ಸಂಜೆ ಗೋಡೆಯ ಎರಡೂ ಕಡೆ ನಿಂತು ಕೂಗಾಡಿ ಮಾತಾಡುತ್ತಿದ್ದರು, ಮುಖ ನೋಡಿರಲಿಲ್ಲ. ಒಮ್ಮೆ ದರ್ಜಿ ತನ್ನ ಅಂಗಡಿಯ ನಿಲುಗನ್ನಡಿಯನ್ನು ಗೋಡೆಯ ಮೇಲೆ ಓರೆಯಾಗಿ ಹಿಡಿದು ತೋರಿಸಲು ನೋಡಿದ್ದ. ಇಬ್ಬರಿಗೂ ಆಕಾಶವೇ ಕಂಡಿತ್ತು. "ಚೆನ್ನಾಗಿದೀಯ ಕಣೇ" ಎಂದು ಅಮ್ಮ ಆದರೂ ಕೂಗಿದ್ದಳು.

ಗೋಡೆಯಲ್ಲಿ ಮೂರಡಿ ಅಗಲದ ಒಂದು ಬಾಗಿಲು ಬಿಡಿಸಿ ಎಂಬುದೇ ದರ್ಜಿಯ ಅರ್ಜಿ. ಅದು ಮೂರನೆಯ ಕಟ್ಟಡದ ಮುನ್ನೂರ ಎಂಟನೆಯ ಕೋಣೆಯಲ್ಲಿತ್ತು. ಆ ಕೋಣೆಯ ಅಧಿಕಾರಿ ಒಳ್ಳೆಯವರು. ಒಮ್ಮೆಯೂ ಇಲ್ಲ ಅಂದವರಲ್ಲ. "ಕೆಳಗೆ ಕೂತಿರಪ್ಪ, ಕರೀತೀವಿ" ಎನ್ನುತ್ತಿದ್ದರು. ಕರೆದಾಗ ತಾನಿಲ್ಲದಿದ್ದರೆ ಎಂಬ ಭಯಕ್ಕೆ ದರ್ಜಿ ಹೆಂಡತಿಯನ್ನು ಮಿಷನ್ನಿನ ಮುಂದೆ ಕೂರಿಸಿ, ತಾನು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಯಾರದಾದರೂ ಅಂಗಿಗೆ ಗುಂಡಿ ಹಾಕುತ್ತ.

ಪಟ್ಟಿ ಹೋಯಿತು. ಫಲಕ ಬಂತು. ಮಂತ್ರಿಗಳು ಪರದೆ ಸರಿಸಿದರು. ಮಾರನೆಯ ದಿನ ದರ್ಜಿಯ ಸುತ್ತ ಹಗ್ಗ ಕಟ್ಟಿ, ಪಕ್ಕದಲ್ಲಿ ಕಬ್ಬಿಣದ ಕಡ್ಡಿಗೆ ಬೋರ್ಡು ನೇತುಹಾಕಿದರು: "ರಕ್ಷಿತ ವಸ್ತು. ಮುಟ್ಟಬಾರದು, ಒರಗಬಾರದು, ಹೆಸರು ಕೆತ್ತಬಾರದು."

"ಇದೇನು ಸ್ವಾಮಿ?" ಎಂದ ದರ್ಜಿ.

"ನಿನಗೆ ಗೌರವ ಕಣಪ್ಪ," ಎಂದರು ಪಟ್ಟಿಯಪ್ಪನವರು. "ಈ ದೇಶದಲ್ಲಿ ಅರ್ಜಿ ಹಾಕಿದವರು ಲೆಕ್ಕವಿಲ್ಲದಷ್ಟಿದಾರೆ. ಸರ್ಕಾರ ಯಾರನ್ನಾದ್ರೂ ಕಾಪಾಡಿದ್ದು ನೋಡಿದೀಯ?"

ನೋಡಿರಲಿಲ್ಲವಾದ್ದರಿಂದ ದರ್ಜಿ ಮತ್ತೆ ಗುಂಡಿ ಹಾಕತೊಡಗಿದ.

ರಕ್ಷಣೆಯ ನಿಯಮಗಳು ಕಠಿಣವೇನಲ್ಲ. ಸಂಜೆ ಐದೂವರೆಗೆ "ತಾತ್ಕಾಲಿಕ ಸಾಗಣೆ ಚೀಟಿ"ಯ ಮೇಲೆ ಅವನನ್ನು ಮನೆಗೆ ಬಿಡುತ್ತಿದ್ದರು, ಬೆಳಿಗ್ಗೆ ಹತ್ತಕ್ಕೆ ವಾಪಸು ಬಂದಾಗ ತಿರುಗಿಸಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು: "ಎಡ ಮೊಣಕಾಲಿಗೆ ಗೀರು. ಏಣಿಯಿಂದ ಆದದ್ದು." ಅಂಗಿಯ ಎರಡನೆಯ ಗುಂಡಿ ಬಿದ್ದಾಗ ಅವನು ತಾನೇ ಹೊಸದು ಹಾಕಿಕೊಂಡ, ಅನುಮತಿಯಿಲ್ಲದ ದುರಸ್ತಿಯೆಂದು ಅದನ್ನು ಕಿತ್ತು, ಮೂಲ ಗುಂಡಿಗಾಗಿ ಕಟ್ಟೆಯ ಸುತ್ತ ಎರಡು ದಿನ ಹುಡುಕಿಸಿದರು. ತಿಂಗಳಿಗೊಮ್ಮೆ ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದರು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ಮಿಷನ್ನಿನ ಚಕ್ರ ನಿಲ್ಲಿಸಿದಳು.

"ಮದುವೆ ಆದಾಗಿಂದ ಹೇಳ್ತಾನೇ ಇದೀನಿ, ನೀವು ಕೂತ ಜಾಗದಿಂದ ಅಲ್ಲಾಡೋರಲ್ಲ ಅಂತ. ಸರ್ಕಾರಕ್ಕೆ ಈಗ ಗೊತ್ತಾಯ್ತು."

"ಮರ್ಯಾದೆ ಕೊಟ್ಟಿದಾರೆ ಕಣೇ."

"ಮರ್ಯಾದೆ ಹೊದ್ಕೊಂಡು ಮಲಗಿ. ಬಾಗಿಲು ಯಾವಾಗ ಬಿಡಿಸ್ತಾರೆ ಅದನ್ನ ಹೇಳಿ. ಅತ್ತೆ ದಿನಾ ಕೇಳ್ತಾರೆ, ನನಗೆ ಸುಳ್ಳು ಹೇಳಿ ಹೇಳಿ ಸಾಕಾಗಿದೆ."

ದೇವರು ಕಣ್ಣುಬಿಟ್ಟನೆಂದೇ ಹೇಳಬೇಕು. ಫಲಕ ನೋಡಲು ಮಂಡಳಿಯವರು ಬರುತ್ತಾರೆಂದು ಮುನ್ನೂರ ಎಂಟನೆಯ ಕೋಣೆಯನ್ನು ಚೊಕ್ಕ ಮಾಡುವಾಗ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಕಿಟಕಿಯ ಸಂದಿಗೆ ಮಡಿಸಿ ತುರುಕಿದ್ದ ಒಂದು ಕಾಗದ ಸಿಕ್ಕಿತು. ಬಿಡಿಸಿದರೆ ದರ್ಜಿಯ ಆದೇಶ! ಒಂದೂವರೆ ವರ್ಷದ ಹಿಂದೆಯೇ ಸಹಿ, ಮೊಹರು ಎಲ್ಲ ಆಗಿತ್ತು. ಅಧಿಕಾರಿಯ ಮನಸ್ಸಿಗೆ ನೋವಾಯಿತು. ಕಿಟಕಿಗೆ ಬೇರೆ ಕಾಗದ ಸಿಕ್ಕಿಸಿ, ಇದನ್ನು ಕೊಡಲು ತಾವೇ ಕೆಳಗಿಳಿದು ಬಂದರು. ಹಗ್ಗದ ಬಳಿ ಪಟ್ಟಿಯಪ್ಪನವರು ಅಡ್ಡ ನಿಂತರು.

"ಕೊಡೋ ಹಾಗಿಲ್ಲ ಸಾರ್."

"ಯಾಕ್ರೀ? ಅವನದೇ ಆದೇಶ."

"ಪಟ್ಟಿಯಲ್ಲಿ ಏನಿದೆ? ಕಾಯುತ್ತಿರುವ ಅರ್ಜಿದಾರ. ಇದನ್ನ ಕೈಗೆ ಕೊಟ್ರೆ ಅವನು ಕಾಯೋನೂ ಅಲ್ಲ, ಅರ್ಜಿದಾರನೂ ಅಲ್ಲ. ಬರೀ ದರ್ಜಿ ಆಗ್ತಾನೆ. ರಕ್ಷಿತ ವಸ್ತುವಿನ ಸ್ವರೂಪ ಬದಲಾಯಿಸಿದ್ರೆ ಏನು ಶಿಕ್ಷೆ ಅಂತ ಓದ್ಲೇ?"

ಅಧಿಕಾರಿ ಕಾಗದವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು. ದರ್ಜಿ ಎದ್ದು ನಿಂತ. "ಕೂತ್ಕೋ ಕೂತ್ಕೋ, ಭಂಗಿ ಕೆಡುತ್ತೆ" ಎಂದರು ಇಬ್ಬರೂ.

ನಿರ್ದೇಶಕರು ತುರ್ತು ಸಭೆ ಕರೆದರು. ಒಂದು ವಸ್ತು ಪಟ್ಟಿಯಿಂದ ಹೋದರೆ ಫಲಕ ಹೋಗುತ್ತದೆ, ಫಲಕ ಹೋದರೆ ನಿರ್ದೇಶನಾಲಯ ಹೋಗುತ್ತದೆ, ಮುಂದಿನ ತಿಂಗಳ ಅಧ್ಯಯನ ಪ್ರವಾಸದ ಟಿಕೆಟ್ಟು ಆಗಲೇ ಬಂದಿದೆ ಎಂದು ಅವರು ತುಂಬ ವೇದನೆಯಿಂದ ತಿಳಿಸಿದರು. ಆದರೆ ಬಡವನಿಗೆ ಅನ್ಯಾಯ ಆಗಬಾರದೆಂದೂ ಹೇಳಿದರು. ಆಗ ಪಟ್ಟಿಯಪ್ಪನವರೇ ದಾರಿ ತೋರಿಸಿದರು. ದುರಸ್ತಿಯ ಅಧ್ಯಾಯದಲ್ಲಿ ಒಂದು ನಿಯಮವಿತ್ತು: "ರಕ್ಷಿತ ಕಟ್ಟಡದ ಕಲ್ಲನ್ನು ಅನಿವಾರ್ಯವಾಗಿ ತೆಗೆಯಬೇಕಾದಲ್ಲಿ, ಅದು ಬಂದ ಗಣಿಯಿಂದಲೇ ತಂದ ಕಲ್ಲನ್ನು ಅಲ್ಲಿ ಕೂರಿಸತಕ್ಕದ್ದು."

"ಈ ಕಲ್ಲು ಯಾವ ಗಣಿಯದು?" ಎಂದರು ನಿರ್ದೇಶಕರು.

ಸಭೆಯವರು ಎದ್ದು ಕಟ್ಟೆಯ ಬಳಿಗೆ ಇಳಿದು ಬಂದರು. "ತಾಯಿ ಇದಾಳೇನಪ್ಪ?" ಎಂದು ದರ್ಜಿಯನ್ನು ಕೇಳಿದರು.

ತನ್ನ ಜಾಗದಲ್ಲಿ ಅಮ್ಮನನ್ನು ಕೂರಿಸಲು ದರ್ಜಿ ಒಪ್ಪಲಿಲ್ಲ. ಆ ಸಂಜೆ ಮನೆಗೆ ಬಂದು ಅಮ್ಮನ ಕಾಲ ಬಳಿ ಕೂತು, "ಬೇಡಮ್ಮ, ಇನ್ನೇನಾದ್ರೂ ನೋಡೋಣ" ಎಂದ. ಅಮ್ಮ ಜಪ ಮುಗಿಸಿ ಕಣ್ಣು ತೆರೆದಳು.

"ನೀನು ನಾಲ್ಕು ವರ್ಷ ಕೂತೆಯಲ್ಲೋ. ನಾನು ಒಂದು ದಿನ ಕೂತ್ರೆ ಸವೆದು ಹೋಗ್ತೀನಾ? ಕಾಗದ ಇಸ್ಕೊ, ಬಾಗಿಲು ಬಿಡಿಸು, ನನ್ನನ್ನ ಕರ್ಕೊಂಡು ಬಾ. ನಾನು ಆ ಬಾಗಿಲಲ್ಲಿ ನಡ್ಕೊಂಡು ಹೋಗಿ ನನ್ನ ತಂಗಿ ಮನೆ ಜಗುಲೀಲಿ ಕೂರ್ಬೇಕು. ಅಷ್ಟೇ ನನಗೆ ಬೇಕಾಗಿರೋದು."

ಹೀಗಾಗಿ, ಅಮ್ಮ ಹೊರಗೆ ಬರಲೊಂದು ಬಾಗಿಲು ಬಿಡಿಸುವ ಸಲುವಾಗಿ ಅಮ್ಮನನ್ನು ಮೊದಲು ಹೊರಗೆ ತರಬೇಕಾಯಿತು. ನಾಲ್ಕು ವರ್ಷ ಯಾವ ಇಲಾಖೆಯೂ ಒಂದು ಕೈ ಕೊಟ್ಟಿರಲಿಲ್ಲ. ಈಗ ಪಾರಂಪರಿಕ ಶಿಲೆಗಳ ಸಾಗಣೆಗೆಂದು ಇಟ್ಟಿದ್ದ ಕ್ರೇನು ಬಂತು. ಕುರ್ಚಿಗೆ ಹಾಸಿಗೆ ಸುತ್ತಿ, ಅಮ್ಮನನ್ನು ಬಟ್ಟೆಯ ಪಟ್ಟಿಯಿಂದ ಬಿಗಿದು, ಮೆಲ್ಲಗೆ ಎತ್ತಿದರು. ಬೀದಿಯವರೆಲ್ಲ ಸೇರಿದ್ದರು.

"ಅಣ್ಣಾ," ಎಂದಳು ದರ್ಜಿಯ ಹೆಂಡತಿ ಕ್ರೇನಿನ ಚಾಲಕನಿಗೆ, "ಇದರ ಮೂತಿ ಗೋಡೆಗೆ ಒಂದು ಸಲ ತಾಗಿಸಿಬಿಡಿ. ಎಲ್ಲಾ ಇಲ್ಲೇ ಮುಗಿದುಹೋಗುತ್ತೆ."

"ತಾಗಿಸೋಕೆ ಆದೇಶ ಬೇಕಮ್ಮ. ನನಗಿರೋದು ಎತ್ತೋಕೆ."

ಗೋಡೆಯ ನೆತ್ತಿಗೆ ಬಂದಾಗ ಅಮ್ಮನಿಗೆ ಕೆಳಗೆ ನಿಂತಿದ್ದ ತಂಗಿ ಕಂಡಳು.

"ಅಯ್ಯೋ, ಕೂದಲೆಲ್ಲ ಬೆಳ್ಳಗಾಗಿದೆಯಲ್ಲೇ!"

"ನಿಂಗೆ ಬೆಳ್ಳಗಾಗೋಕೆ ಕೂದಲಾದ್ರೂ ಎಲ್ಲಿದೆ ಅಕ್ಕಾ! ಇಳೀತೀಯಾ? ಬಾರೇ, ಒಂದು ಗಳಿಗೆ ಮನೆಗೆ ಬಂದು ಹೋಗು!"

"ಇಳಿಸಿ ಸ್ವಾಮಿ," ಎಂದಳು ಅಮ್ಮ.

ಕ್ರೇನಿನ ಜೊತೆ ಬಂದಿದ್ದ ಪಟ್ಟಿಯಪ್ಪನವರು ಕಾಗದ ನೋಡಿದರು. "ವಸ್ತುವನ್ನು ಮಧ್ಯದಾರಿಯಲ್ಲಿ ಇಳಿಸುವಂತಿಲ್ಲ" ಎಂದು ಬರೆದಿತ್ತು. ಕುರ್ಚಿ ಗಾಳಿಯಲ್ಲಿಯೇ ಒಂದು ಸುತ್ತು ತಿರುಗಿ ನೇರ ವ್ಯಾನಿನೊಳಗೆ ಹೋಯಿತು. ಹೋಗುವಾಗ ಚಿಕ್ಕಮ್ಮ ಕೈಚಾಚಿ ಅಕ್ಕನ ಒಂದು ಪಾದವನ್ನು ಮುಟ್ಟಿದಳು. ಮುಟ್ಟಬಾರದೆಂಬ ನಿಯಮವಿದ್ದರೂ ಅಂದು ಯಾರೂ ದೂರು ಬರೆಯಲಿಲ್ಲ.

ಕಟ್ಟೆಯ ಮೇಲೆ ಕೂರಿಸಿ, ತೊಡೆಯ ಮೇಲೆ ಚೀಲ ಇಟ್ಟ ಮೇಲೆ, ನಮೂನೆ ತುಂಬುವ ಕೆಲಸವಾಯಿತು.

"ಅಜ್ಜಿ, ನೀವು ಯಾವುದಕ್ಕೆ ಕಾಯ್ತಿದ್ದೀರಿ? ಏನಾದ್ರೂ ಬರೀಬೇಕು."

"ನನ್ನ ಮಗ ಬಂದು ಮನೆಗೆ ಕರ್ಕೊಂಡು ಹೋಗ್ಲಿ ಅಂತ ಕಾಯ್ತಿದೀನಪ್ಪ."

ಪಟ್ಟಿಯಪ್ಪನವರು ಬರೆದುಕೊಂಡರು: "ಮನೆಗೆ ಹೋಗಲು ಕಾಯುತ್ತಿರುವುದು. ಬಾಳಿಕೆ: ಉತ್ತಮ." ವಿಶೇಷ ಸೂಚನೆಯ ಕಾಲಮ್ಮಿನಲ್ಲಿ ನಿರ್ದೇಶನಾಲಯದ ತಜ್ಞರು ಇನ್ನೊಂದು ಸಾಲು ಸೇರಿಸಿದರು: "ಬಹಳ ಹಳೆಯದು, ನಾಜೂಕು. ತಾತ್ಕಾಲಿಕವಾಗಿಯೂ ಸಾಗಿಸತಕ್ಕದ್ದಲ್ಲ."

ಆ ಬಳಿಕ ಅಧಿಕಾರಿಗಳು ದರ್ಜಿಯ ಕೈಗೆ ಆದೇಶ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ದರ್ಜಿ ಅದನ್ನು ಕಣ್ಣಿಗೊತ್ತಿಕೊಂಡು, ಚೀಲಕ್ಕೆ ಹಾಕಲು ಹೋಗಿ, ಚೀಲ ಅಮ್ಮನ ತೊಡೆಯ ಮೇಲಿದ್ದುದರಿಂದ ಜೇಬಿಗೆ ಹಾಕಿಕೊಂಡ. "ಏಳಮ್ಮ, ಹೋಗೋಣ" ಎಂದ.

"ಅವರನ್ನ ಹೇಗಪ್ಪ ಕರ್ಕೊಂಡು ಹೋಗ್ತೀಯ?" ಎಂದರು ಅಧಿಕಾರಿ. "ಅವರು ಪಟ್ಟಿಯಲ್ಲಿದಾರೆ."

"ಒಂದು ದಿನಕ್ಕೆ ಅಂತ ಹೇಳಿದ್ರಲ್ಲ!"

"ಹಾಗಂತ ಯಾರು ಹೇಳಿದ್ರು?"

ದರ್ಜಿ ಯೋಚಿಸಿದ. ಹೇಳಿದ್ದು ಅಮ್ಮ.

"ಸ್ವಾಮಿ, ಅಮ್ಮ ಆಚೆ ಬರ್ಲಿ ಅಂತಲೇ ನಾಲ್ಕು ವರ್ಷ ಈ ಕಲ್ಲಿನ ಮೇಲೆ ಕೂತೆ. ಈಗ ಬಾಗಿಲು ಇಟ್ಕೊಂಡು ನಾನೇನು ಮಾಡ್ಲಿ? ನಿಮಗೂ ತಾಯಿ ಇಲ್ವೇ?" ಅವನ ದನಿ ಏರಿತ್ತು. ಇಳಿಜಾರಿನಲ್ಲಿ ಸುತ್ತುತ್ತಿದ್ದವರು ನಿಂತು ನೋಡಿದರು.

ಅಧಿಕಾರಿ ಅವನ ಹೆಗಲ ಮೇಲೆ ಕೈಯಿಟ್ಟರು. ಈಗ ಮುಟ್ಟಬಹುದಾಗಿತ್ತು. "ನೋಡಪ್ಪ, ಬಾಗಿಲು ಕೇಳಿದ್ದೆ, ಕೊಟ್ವಿ. ಅಮ್ಮ ಆಚೆ ಬರ್ಬೇಕು ಅಂದೆ, ಬಂದಿದಾರೆ. ಎರಡೂ ಒಟ್ಟಿಗೆ ಆಗ್ಬೇಕು ಅಂತ ಅರ್ಜೀಲಿ ಬರ್ದಿದ್ಯಾ?"

ದರ್ಜಿ ಅರ್ಜಿಯ ನಕಲು ತೆಗೆದು ಓದಿದ. ಬರೆದಿರಲಿಲ್ಲ.

ಹದಿನೈದು ದಿನದಲ್ಲಿ ಗೋಡೆ ಒಡೆದು ಮೂರಡಿಯ ಬಾಗಿಲು ಕೂರಿಸಿದರು. ಇಲಾಖೆಯ ಎಂಜಿನಿಯರು ಟೇಪು ಕತ್ತರಿಸಿ, ವೃದ್ಧರ ಬಗ್ಗೆ ಸರ್ಕಾರಕ್ಕಿರುವ ಕಾಳಜಿಯನ್ನು ಕುರಿತು ಮುಕ್ಕಾಲು ಗಂಟೆ ಮಾತಾಡಿದರು. ಆದೇಶದಲ್ಲಿ "ಅರ್ಜಿದಾರನ ವೃದ್ಧ ತಾಯಿಯ ಉಪಯೋಗಕ್ಕೆ ಮಾತ್ರ" ಎಂದಿದ್ದುದರಿಂದ ಬಾಗಿಲ ಮೇಲೆ ಹಾಗೆಯೇ ಬರೆಸಿದರು. ದರ್ಜಿ, ಅವನ ಹೆಂಡತಿ ಏಣಿಯಲ್ಲೇ ಓಡಾಡುತ್ತಾರೆ. ಅವರಿಗೆ ಅಭ್ಯಾಸವಾಗಿದೆ. ಹೆಂಡತಿ ಮೊದಲ ದಿನ ಏಣಿಯ ಮೇಲಿಂದ ಬಾಗಿಲನ್ನು ನೋಡಿ, "ಚೌಕಟ್ಟು ಒಳ್ಳೇ ಮರದ್ದು ಹಾಕಿದಾರೆ" ಎಂದಳು. ಹಾಗೆಂದು ಏಣಿ ಇಳಿದಳು.

ಅಮ್ಮನಿಗೆ ಇಳಿಜಾರಿನ ಕೆಳಗೆ ಮಂಚ, ಹೊದಿಕೆ, ನೋಡಿಕೊಳ್ಳಲು ಒಬ್ಬ ಆಯಾ, ಇಷ್ಟನ್ನೂ ನಿರ್ದೇಶನಾಲಯ ಒದಗಿಸಿದೆ. ಚಿಕ್ಕಮ್ಮ ದಿನಾ ಬಸ್ಸು ಹಿಡಿದು ಬರುತ್ತಾಳೆ. ಅರವತ್ತು ದಾಟಿದವರಿಗೆ ಪ್ರವೇಶ ಚೀಟಿ ಬೇಡ. ಮೊದಲ ವಾರ ಅಕ್ಕತಂಗಿಯರು ಪಕ್ಕಪಕ್ಕದಲ್ಲಿ ಕೂತೂ ರೂಢಿಯಂತೆ ಕೂಗಿಕೊಂಡೇ ಮಾತಾಡಿದರು. ಮುನ್ನೂರ ಎಂಟರವರು ಕಿಟಕಿ ಮುಚ್ಚಿಕೊಂಡರು. ಈಗ ದನಿ ತಗ್ಗಿದೆ. ಒಬ್ಬಳು ಇನ್ನೊಬ್ಬಳ ಮುಖ ನೋಡುತ್ತ ಬಹಳ ಹೊತ್ತು ಸುಮ್ಮನೆ ಇರುವುದೂ ಉಂಟು. ಮಂಡಳಿಯವರು ಬಂದಾಗ ಇದನ್ನು ನೋಡಿ ಬಹಳ ಮೆಚ್ಚಿ, ಕಟ್ಟಡಕ್ಕೆ ಜೀವ ಬಂದಿದೆ ಎಂದು ಪುಸ್ತಕದಲ್ಲಿ ಬರೆದರು. ನಿರ್ದೇಶಕರು ಪ್ರವಾಸದಲ್ಲಿದ್ದರು.

ಬಾಗಿಲು ಆದ ಸುದ್ದಿಯನ್ನು ದರ್ಜಿ ಬಂದು ಅಮ್ಮನಿಗೆ ಹೇಳಿದ. ಎಷ್ಟು ಅಗಲ, ಯಾವ ಕಡೆಗೆ ತೆರೆಯುತ್ತದೆ, ಚಿಕ್ಕಮ್ಮನ ಜಗುಲಿಗೆ ಅಲ್ಲಿಂದ ಎಷ್ಟು ಹೆಜ್ಜೆ, ಎಲ್ಲವನ್ನೂ ಹೇಳಿದ. ಹನ್ನೊಂದು ಹೆಜ್ಜೆ. ಅಮ್ಮ ಬೆರಳು ಮಡಿಸುತ್ತ ಕೇಳಿಸಿಕೊಂಡಳು.

"ಒಳ್ಳೇದಾಯ್ತು ಕಣೋ," ಎಂದಳು. "ಒಂದು ಚಿಲಕ ಹಾಕಿಸು. ನಾನು ಮನೇಲಿಲ್ಲ ನೋಡು."

ಗೋಡೆ ಸರ್ಕಾರದ್ದು, ಬಾಗಿಲೂ ಸರ್ಕಾರದ್ದು. ಚಿಲಕಕ್ಕೆ ಅನುಮತಿ ಬೇಕು. ದರ್ಜಿ ಹಿಂಬಾಗಿಲಿನಿಂದ ಮೇಲೆ ಹೋಗಿ ಮುನ್ನೂರ ಎಂಟನೆಯ ಕೋಣೆಯಲ್ಲಿ ಅರ್ಜಿ ಕೊಟ್ಟ. ಅಧಿಕಾರಿ ನಗುತ್ತಲೇ ತೆಗೆದುಕೊಂಡು, "ಕೆಳಗೆ ಕೂತಿರಪ್ಪ, ಕರೀತೀವಿ" ಎಂದರು.

ಅವನು ಇಳಿದು ಬಂದ. ಅಮ್ಮ ಸರಿಯುವಂತಿರಲಿಲ್ಲ. ಚಿಕ್ಕಮ್ಮ ಸರಿದು ಜಾಗ ಕೊಟ್ಟಳು.